ನಿಮ್ಮ ಕಡಿ ಆಗ್ಯಾದೇನ್ರಿ?

ಇಬ್ಬರು ಇಂಗ್ಲಿಷರು ಸೇರಿದರೆ ಮೊದಲ ಮಾತು ಹವೆಯದ್ದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1758ರ ಜೂನ್ ತಿಂಗಳಲ್ಲಿ ಬರೆದ. ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನೇ ಹೇಳುವ ಚಟ ಇದು ಎಂದು ತನ್ನವರನ್ನೇ ಗೇಲಿ ಮಾಡಿದ. ಎರಡೂವರೆ ಶತಮಾನ ದಾಟಿದರೂ ಆ ಜನ ಚಟ ಬಿಟ್ಟಿಲ್ಲ. ಜೂನ್, ಜುಲೈ, ಆಗಸ್ಟ್ ಅವರಿಗೆ ಬೇಸಿಗೆ. ವರ್ಷವೆಲ್ಲ ದಾರಿ ಕಾದ ಬಿಸಿಲು ಈ ಮೂರು ತಿಂಗಳಲ್ಲಾದರೂ ಬರಬೇಕು, ಬರುವುದು ಮಳೆ. ಮನೆಯ ಹಿತ್ತಲಲ್ಲಿ ನೆಂಟರಿಗೆ ಊಟ ಹಾಕುವ ದಿನ ಮಳೆ, ಟೆಸ್ಟ್ ಪಂದ್ಯ ಕಳೆಗಟ್ಟುವ ಹೊತ್ತಿಗೆ ಮಳೆ, ವಿಂಬಲ್ಡನ್ ಟೆನಿಸ್ಸಿಗಂತೂ ತಪ್ಪದ ಮಳೆ. ಅದಕ್ಕೆ ಸೋತು 2009ರಲ್ಲಿ ವಿಂಬಲ್ಡನ್ನಿನ ಮುಖ್ಯ ಅಂಗಳದ ಮೇಲೆ ಸರಿಸುವ ಚಾವಣಿಯನ್ನೇ ಕಟ್ಟಿಸಿದರು. ಜುಲೈ 15 ಅವರಲ್ಲಿ ಸಂತ ಸ್ವಿದಿನ್‌ನ ದಿನ. ಆ ದಿನ ಮಳೆ ಬಿದ್ದರೆ ಮುಂದೆ ನಲವತ್ತು ದಿನ ಬಿಡದೆ ಬೀಳುತ್ತದೆ ಎಂಬ ನಂಬಿಕೆ. ಅವರ ಹವಾಮಾನ ಇಲಾಖೆಯ ದಾಖಲೆಯಲ್ಲಿ ಅದು ಒಮ್ಮೆಯೂ ನಿಜವಾಗಿಲ್ಲ. ಆದರೂ ಪ್ರತಿ ಜುಲೈಗೆ ಆ ಮಾತು ಹೊಸದಾಗಿ ಹೊರಡುತ್ತದೆ.

ಬೀದರಿನ ಕೇಳುಗರಿಗೆ ಲಂಡನ್ನಿನ ಮಳೆಯ ಉಸಾಬರಿ ಯಾಕೆ ಎಂದೀರಿ. ಅಲ್ಲಿ ನಮ್ಮವರೊಬ್ಬರು ನಿಂತಿದ್ದಾರೆ. ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಬಸವೇಶ್ವರರ ಮೂರ್ತಿ ಅನಾವರಣಗೊಂಡಿತು. ಅವರ ಕಲ್ಯಾಣ ನಮ್ಮ ಜಿಲ್ಲೆಯದ್ದು, ಆದ್ದರಿಂದ ಅಲ್ಲಿಯ ಮಳೆಯೊಂದಿಗೆ ನಮಗೆ ಅಷ್ಟಿಷ್ಟು ನಂಟಿದೆ ಎಂದು ಹೇಳಿಕೊಳ್ಳಬಹುದು. ಇನ್ನು ಲೆಕ್ಕಕ್ಕೆ ಬನ್ನಿ. ಮಳೆ ಮಳೆ ಎಂದು ಇಷ್ಟು ಗೊಣಗುವ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಬರದ ಜಿಲ್ಲೆ ಎಂದು ಹೆಸರಾದ ನಮ್ಮ ಬೀದರಿನ ವಾಡಿಕೆ ಮಳೆ 800 ಮಿಲಿಮೀಟರಿನ ಮೇಲೆ. ಅಂದರೆ ಮಳೆಯ ವಿಷಯದಲ್ಲಿ ನಾವೇ ಶ್ರೀಮಂತರು! ಅವರ ಮಳೆ ಹನ್ನೆರಡು ತಿಂಗಳಿಗೂ ಹಂಚಿ ಸಣ್ಣಗೆ ಉದುರುತ್ತದೆ. ನಮ್ಮದರ ಮುಕ್ಕಾಲಿಗಿಂತ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅವರಿಗೆ ಮಳೆ ಬಂದದ್ದೇ ದೂರು, ನಮಗೆ ಬರಲಿಲ್ಲ ಎಂಬುದು ದೂರು. ಮಾತಿನ ಹುಚ್ಚು ಮಾತ್ರ ಎರಡೂ ಕಡೆ ಒಂದೇ.

ಇಂಗ್ಲಿಷರ ಈ ಮಾತಿಗೆ ಒಂದು ಶಿಷ್ಟಾಚಾರವಿದೆ. ಕೇಟ್ ಫಾಕ್ಸ್ ಎಂಬ ಮಾನವಶಾಸ್ತ್ರಜ್ಞೆ 2004ರಲ್ಲಿ ತಮ್ಮವರ ನಡವಳಿಕೆಯ ಮೇಲೆ ಒಂದು ಪುಸ್ತಕ ಬರೆದರು. ಅದರ ಮೊದಲ ಅಧ್ಯಾಯವೇ ಹವೆಯ ಹರಟೆ. ಅವರು ಹೇಳುವುದಿಷ್ಟು: ಹವೆಯ ಮಾತು ಹವೆಗಾಗಿ ಆಡುವುದಲ್ಲ, ಪರಿಚಯವಿಲ್ಲದವರ ನಡುವಿನ ಮುಜುಗರ ಕಳೆಯಲು ಆಡುವುದು. ಅಲ್ಲಿ ಒಂದು ಕಟ್ಟುನಿಟ್ಟು: ಎದುರಿನವರು ಚಳಿ ಎಂದರೆ ನೀವೂ ಚಳಿ ಎನ್ನಬೇಕು. ಇಲ್ಲ, ನನಗೆ ಸೆಕೆ ಎಂದರೆ ಅದು ಒರಟುತನ. ಹೀಗಾಗಿ ಆ ಮಾತಿನಿಂದ ಯಾರಿಗೂ ಯಾವ ಸುದ್ದಿಯೂ ಸಿಗುವುದಿಲ್ಲ. ಸಿಗಬೇಕೆಂದು ಯಾರೂ ಕಾಯುವುದೂ ಇಲ್ಲ.

ಈಗ ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಬನ್ನಿ. ಜೂನ್ ಮೂರನೇ ವಾರ ಎಂದಿಟ್ಟುಕೊಳ್ಳಿ. ಕಟ್ಟೆಯ ಮೇಲೆ ಹಿರಿಯರೊಬ್ಬರು, ಪಕ್ಕದಲ್ಲಿ ಬಂದು ಕೂತ ಹುಡುಗನೊಬ್ಬ. ಒಬ್ಬರಿಗೊಬ್ಬರು ಗುರುತಿಲ್ಲ.

"ಕಾಕಾ, ನಿಮ್ಮ ಕಡಿ ಆಗ್ಯಾದೇನ್ರಿ?"

"ಎಲ್ಲೀದು ತಮ್ಮಾ. ನಾಕು ಹನಿ ಉದುರಿ ಹೋಯ್ತು."

"ಹಸಿ ಎಷ್ಟ ಇಳದದ?"

"ಬೆರಳ ಇಳದಿಲ್ಲ. ಹಳ್ಳದ ಆಚಿಗಿ ಜೋರ ಬಂದದಂತ. ನಮ್ಮ ಹೊಲದಾಗ ಬರೇ ಗಾಳಿ. ನಿಮ್ಮ ಕಡಿ?"

"ನಮ್ಮ ಕಡಿ ಮೊನ್ನಿ ಆಗ್ಯಾದ್ರಿ, ಆದ್ರ ಹದಾ ಆಗಿಲ್ಲ."

ಏನು ಆಗಿದೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಜೂನ್‌ನಲ್ಲಿ ಆಗಬೇಕಾದ್ದು ಒಂದೇ. ಆದರೆ ಈ ನಾಲ್ಕು ಮಾತಿನಲ್ಲಿ ಎಷ್ಟು ಸುದ್ದಿ ಕೈ ಬದಲಾಯಿತು ನೋಡಿ. ಯಾವ ದಿಕ್ಕಿನ ಊರಿಗೆ ಬಂದಿದೆ, ನೆಲದೊಳಗೆ ಎಷ್ಟು ಇಳಿದಿದೆ, ಬಿತ್ತುವ ಹದವೋ ಅಲ್ಲವೋ. ಸೋಯಾ ಬೀಜದ ಚೀಲ ಇಂದು ಕೊಳ್ಳಬೇಕೋ ನಾಲ್ಕು ದಿನ ತಡೆಯಬೇಕೋ ಎಂಬುದು ಇಷ್ಟರ ಮೇಲೆ ತೀರ್ಮಾನವಾಗುತ್ತದೆ. ಕೃಷಿ ವಿಜ್ಞಾನಿಗಳು 75ರಿಂದ 100 ಮಿಲಿಮೀಟರ್ ಮಳೆಯಾದ ಮೇಲೆಯೇ ಸೋಯಾ ಬಿತ್ತಿ ಎನ್ನುತ್ತಾರೆ. ಕಾಕಾನ ಬೆರಳೂ ಅದನ್ನೇ ಅಳೆಯುತ್ತದೆ. ಅವಸರ ಮಾಡಿ ಒಣ ನೆಲಕ್ಕೆ ಬೀಜ ಹಾಕಿದರೆ ಮರುಬಿತ್ತನೆ; ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಎರಡೆರಡು ಸಲ.

ನಮ್ಮಲ್ಲಿ ಈ ಪ್ರಶ್ನೆ ಹುಟ್ಟುವುದಕ್ಕೆ ನೆಲ ಮತ್ತು ಮುಗಿಲು ಎರಡೂ ಕಾರಣ. ಅರಬ್ಬಿ ಸಮುದ್ರದ ಮೋಡ ಸಹ್ಯಾದ್ರಿಯ ಮೇಲೆ ಸುರಿದು ಹಗುರಾಗಿ ನಮ್ಮ ಕಡೆ ಬರುವ ಹೊತ್ತಿಗೆ ಗಾಳಿಯೇ ಹೆಚ್ಚು, ನೀರು ಕಡಿಮೆ. ನಮಗೆ ದೊಡ್ಡ ಮಳೆ ಕೊಡುವುದು ಬಂಗಾಳ ಕೊಲ್ಲಿ. ಅಲ್ಲಿ ವಾಯುಭಾರ ಕುಸಿದು, ಆ ಸುಳಿ ತೆಲಂಗಾಣ ದಾಟಿ ಮರಾಠವಾಡಾದ ಕಡೆ ಸಾಗುವಾಗ ನಮ್ಮ ಮೇಲೆ ಹಾಯ್ದು ಹೋಗುತ್ತದೆ. ವಿಜಯಪುರ, ಬಾಗಲಕೋಟೆಗಿಂತ ಬೀದರಿಗೆ ಮಳೆ ಹೆಚ್ಚಾಗಿರುವುದು ಇದರಿಂದಲೇ. ಸುಳಿ ಸ್ವಲ್ಪ ಉತ್ತರಕ್ಕೆ ಹೊರಳಿದರೆ ನಾಂದೇಡಿಗೆ, ದಕ್ಷಿಣಕ್ಕೆ ಹೊರಳಿದರೆ ಕಲಬುರಗಿಗೆ. ಇದರ ನಡುವೆ ಸಂಜೆಯ ಗುಡುಗಿನ ಮಳೆಯ ಕಥೆ ಬೇರೆ. ಅದು ಬದುವಿನ ಈಚೆ ಸುರಿದು ಆಚೆಯ ಹೊಲಕ್ಕೆ ಹನಿಯನ್ನೂ ಹಾಕದೆ ಹೋಗುತ್ತದೆ. ಅಣ್ಣನ ಹೊಲಕ್ಕೆ ಬಂದದ್ದು ತಮ್ಮನ ಹೊಲಕ್ಕೆ ಬಾರದಿದ್ದರೆ ಕೇಳದೆ ಗೊತ್ತಾಗುವುದು ಹೇಗೆ?

ನೆಲವೂ ಒಂದೇ ಥರದ್ದಲ್ಲ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಅದು ಬಿದ್ದ ನೀರನ್ನು ಕುಡಿದು, ಕೆಳಗಿನ ಕರಿಕಲ್ಲಿಗೆ ತಾಗಿದ ಕಡೆ ಝರಿಯಾಗಿ ಹೊರಗೆ ಬಿಡುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲ ಈ ಕೆಂಪು ಕಲ್ಲಿನ ಕೊಡುಗೆ. ಬಹಮನಿಯರ ಕಾಲದವರು ಇದೇ ಗುಟ್ಟು ಹಿಡಿದು ನೌಬಾದಿನಲ್ಲಿ ನೆಲದೊಳಗೆ ಸುರಂಗ ಬಾವಿ ಕೊರೆದರು. ಭಾಲ್ಕಿ, ಔರಾದಿನ ಕಡೆ ಹೋದರೆ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಎರಡು ದಿನ ಮಳೆ ಹಿಡಿದರೆ ಕಾಲು ಕೀಳಲಾಗದ ಕೆಸರು. ಒಂದೇ ಮಳೆ ಕೆಂಪು ನೆಲದವನಿಗೆ ಹಿತವಾದರೆ ಎರೆಯವನಿಗೆ ತ್ರಾಸಾಗಬಹುದು.

ಹೊಳೆಗಳದ್ದು ಇನ್ನೊಂದು ತಮಾಷೆ. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಗುಡ್ಡಗಳಲ್ಲಿ. ಕಾರಂಜಾ ಬರುವುದು ತೆಲಂಗಾಣದ ಕೊಹೀರ್ ಕಡೆಯಿಂದ. ನಮ್ಮ ಎರಡು ದೊಡ್ಡ ಹೊಳೆಗಳ ನೀರು ನಮ್ಮ ಮಳೆಯದ್ದಷ್ಟೇ ಅಲ್ಲ. ಹೀಗಾಗಿ ಭಾಲ್ಕಿಯವನು ತನ್ನೂರಿನ ಮಳೆ ಕೇಳಿ ಸುಮ್ಮನಾಗುವಂತಿಲ್ಲ. ಲಾತೂರಿನ ಮಳೆಯನ್ನೂ ಕೇಳಬೇಕು, ಮಾಂಜ್ರಾದ ಮೇಲಿನ ಧನೇಗಾಂವ ಡ್ಯಾಮಿನ ಗೇಟು ಎತ್ತಿದರೋ ಇಲ್ಲವೋ ಎಂದೂ ಕೇಳಬೇಕು. ಬೀದರ್ ನಗರದವರ ನಲ್ಲಿಗೆ ಬರುವುದು ಕಾರಂಜಾದ ನೀರು. ಅವರ ಮಳೆಗಾಲದ ಪ್ರಶ್ನೆಯೇ ಬೇರೆ: "ಕಾರಂಜಾ ಎಷ್ಟ ತುಂಬ್ಯಾದ?" ಬ್ಯಾಲಹಳ್ಳಿಯ ಆ ಅಣೆಕಟ್ಟು ತುಂಬಿದರೆ 7.69 ಟಿಎಂಸಿ. ಅದು ಪೂರ್ತಿ ತುಂಬಿತೆಂಬ ಸುದ್ದಿ ಬಂದ ವರ್ಷ ಚೌಬಾರದ ಸುತ್ತಿನ ಚಹಾದಂಗಡಿಗಳಲ್ಲಿ ಅದನ್ನು ಮದುವೆಯ ಸುದ್ದಿಯಂತೆ ಹೇಳಿಕೊಳ್ಳುತ್ತಾರೆ.

ನಮ್ಮ ಮಳೆಯ ಮಾತಿಗೆ ಗಡಿಯ ಹಂಗಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಜಹೀರಾಬಾದ್ ಎಲ್ಲ ಒಟ್ಟಿಗಿದ್ದವು. ರಾಜ್ಯಗಳು ಬೇರೆಯಾದವು, ಮೋಡಗಳಿಗೆ ಆ ಹುಕುಂ ಮುಟ್ಟಲಿಲ್ಲ. ಔರಾದ್ ನಮ್ಮ ರಾಜ್ಯದ ಉತ್ತರದ ತುದಿ. ಅಲ್ಲಿಯ ಸಂತೆಯಲ್ಲಿ ಕೂತರೆ ಉದಗೀರದ ಮಳೆ ಮರಾಠಿಯಲ್ಲಿ, ನಾರಾಯಣಖೇಡದ ಮಳೆ ತೆಲುಗಿನಲ್ಲಿ, ಬೀದರಿನದು ದಖನಿಯಲ್ಲಿ ಕಿವಿಗೆ ಬೀಳುತ್ತದೆ. "ಸಂತಪುರ್ ಮೆಂ ಬಾರಿಶ್ ಹುಯಾ ಕತೆ" ಎಂದು ಒಬ್ಬರು ಸುದ್ದಿ ಎತ್ತಿದರೆ, "ಎಷ್ಟ ಆಗ್ಯಾದಂತ ಭಾಯಿ?" ಎಂದು ಇನ್ನೊಬ್ಬರು ಕನ್ನಡದಲ್ಲೇ ವಿಚಾರಿಸುತ್ತಾರೆ. ಔರಾದಿಗೆ ರೈಲಿಲ್ಲ. ಅಲ್ಲಿಗೆ ಮಳೆಯ ಸುದ್ದಿ ಮೊದಲಿನಿಂದ ತಂದದ್ದು ಬಸ್ಸು. ಬೀದರಿನಿಂದ ಬಂದ ಬಸ್ಸಿನ ಟಪ್ಪು ತೊಯ್ದಿದೆಯೋ, ಗಾಲಿಗೆ ಮೆತ್ತಿದ್ದು ಕೆಂಪು ಕೆಸರೋ ಕರಿ ಕೆಸರೋ ಎಂದು ನೋಡಿ ಯಾವ ಊರಲ್ಲಿ ಸುರಿದಿದೆ ಎಂದು ಹೇಳುವವರಿದ್ದರು. ಕಂಡಕ್ಟರನಿಗೆ ಟಿಕೀಟಿನ ಲೆಕ್ಕದ ಜೊತೆ ಹಾದಿಯ ಊರುಗಳ ಮಳೆಯ ಲೆಕ್ಕವೂ ಬಾಯಲ್ಲಿರಬೇಕಾಗಿತ್ತು.

ಈ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ್ದು ಒಂದು ಅಂಶ. ನಮ್ಮ ರೈತ ಯಾವತ್ತೂ ಮಳೆ ಸಾಕಷ್ಟು ಆಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೊಲದ ತುಂಬ ನೀರು ನಿಂತಿದ್ದರೂ "ಆಗ್ಯಾದ, ಪರವಾ ಇಲ್ಲ" ಎನ್ನುತ್ತಾನೆ. ಬಹಳ ಸಂತೋಷವಾಗಿದ್ದರೆ "ಈ ಸಲ ಮಿರ್ಗ ಮಾತ ಉಳಿಸ್ಕೊಂಡದ" ಎಂದು ಮೃಗಶಿರ ಮಳೆಯ ಬಗ್ಗೆ ಅಂದಾನು, ಅದರ ಮೇಲೆ ಒಂದಕ್ಷರ ಹೇಳುವುದಿಲ್ಲ. ಸಾಕು ಎಂಬ ಮಾತು ಮಳೆರಾಯನ ಕಿವಿಗೆ ಬಿದ್ದರೆ ಅವನು ಹೊರಟೇಹೋದಾನು ಎಂದು ಮುತ್ಯಾಂದಿರು ಕಾರಣ ಕೊಡುತ್ತಿದ್ದರು. ಕಣ್ಣು ತಾಗುತ್ತದೆ ಎಂಬ ಅಂಜಿಕೆಯೂ ಇದ್ದೀತು. ಇನ್ನೊಂದು ಕಾರಣವೂ ಇರಬಹುದೆಂದು ನನ್ನ ಅನುಮಾನ. ಬೆಳೆಯನ್ನು ಆಣೆಯಲ್ಲಿ ಅಳೆದು, ಇಷ್ಟು ಆಣೆ ಬೆಳೆಯಾದರೆ ಇಷ್ಟು ಕಂದಾಯ, ಇಷ್ಟಕ್ಕಿಂತ ಕಡಿಮೆಯಾದರೆ ಮಾಫಿ ಎಂಬ ಪದ್ಧತಿ ದಖ್ಖನ್ನಿನಲ್ಲಿ ಬಹುಕಾಲ ನಡೆದದ್ದು. ಅಂಥ ರಾಜ್ಯದಲ್ಲಿ ಕಂಡಕಂಡವರ ಮುಂದೆ ಮಳೆ ಚೆನ್ನಾಗಿ ಬಂತು ಎಂದು ಸಾರುವ ರೈತ ಜಾಣನಲ್ಲ. ಎದುರಿಗೆ ಕೂತವರು ಸಾಹುಕಾರನ ಕಡೆಯವರೋ ಪಟವಾರಿಯ ಕಡೆಯವರೋ ಯಾರಿಗೆ ಗೊತ್ತು? ಇಂಗ್ಲಿಷ ಮರ್ಯಾದೆಗೆ ಹವೆಯನ್ನು ಒಪ್ಪಿಕೊಳ್ಳುತ್ತಾನೆ. ನಮ್ಮವನು ಎಚ್ಚರಕ್ಕೆ ಮಳೆಯನ್ನು ಒಂದು ಅಳತೆ ಕಡಿಮೆ ಹೇಳುತ್ತಾನೆ. ಕೇಳುವವನಿಗೂ ಇದು ಗೊತ್ತು, ಅವನು ಆ ಒಂದು ಅಳತೆಯನ್ನು ಕೂಡಿಸಿಕೊಂಡೇ ಕೇಳುತ್ತಾನೆ.

ಈ ಮಾತಿಗೆಲ್ಲ ಕಟ್ಟು ಒದಗಿಸಿದ್ದು ಮಳೆ ನಕ್ಷತ್ರಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಯ ವಾರ ರೋಹಿಣಿ, ಜೂನ್ 7-8ಕ್ಕೆ ಮೃಗಶಿರ, ನಮ್ಮ ಬಾಯಲ್ಲಿ ಮಿರ್ಗ. ಜೂನ್ 22ರ ಸುಮಾರಿಗೆ ಆರಿದ್ರ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಹಬ್ಬಗಳು ಚಂದ್ರನ ಲೆಕ್ಕದವು, ಒಂದು ವರ್ಷ ಹಿಂದೆ, ಒಂದು ವರ್ಷ ಮುಂದೆ. ಮಳೆಯ ಲೆಕ್ಕ ಸೂರ್ಯನದು. ಅದಕ್ಕೇ ಕಾರಹುಣ್ಣಿಮೆ ಯಾವ ತಾರೀಖಿಗಾದರೂ ಬರಲಿ, ಮಿರ್ಗ ಮಾತ್ರ ಶಾಲೆ ಸುರುವಾಗುವ ದಿನಗಳನ್ನು ಬಿಟ್ಟು ಕದಲುವುದಿಲ್ಲ. ಓದು ಬಾರದ ಹೆಣ್ಣುಮಗಳೂ ಹೇಳಬಲ್ಲ ಕ್ಯಾಲೆಂಡರ್ ಇದು. ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಕೇಳದವರಿಲ್ಲ. ಬೀದರ್ ಕಡೆ ಆ ಗಾದೆಯ ಜೋಳ ಮುಂಗಾರಿನಿಂದ ಹಿಂದೆ ಸರಿದು ಹಿಂಗಾರಿಗೆ ಹೋಯಿತು. ಮುಂಗಾರಿನ ಹೊಲವನ್ನು ಸೋಯಾ, ಹೆಸರು, ಉದ್ದು, ತೊಗರಿ ಹಿಡಿದವು. ಗಾದೆ ಮಾತ್ರ ಹಾಗೇ ಇದೆ.

ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ. ಮಿರ್ಗ ಈ ವರ್ಷ ಯಾವುದರ ಮೇಲೆ ಕೂತು ಬರುತ್ತದೆ ಎಂಬುದು ಮೇ ತಿಂಗಳ ದೊಡ್ಡ ಚರ್ಚೆ. ಕಪ್ಪೆ, ಎಮ್ಮೆ, ಆನೆ ಬಂದರೆ ಮುಖಗಳು ಅರಳುತ್ತವೆ. ನರಿ, ಟಗರು ಎಂದರೆ ಬೀಜದ ಅಂಗಡಿಯವನೂ ಸಪ್ಪಗಾಗುತ್ತಾನೆ. ಕತ್ತೆ, ನವಿಲು, ಇಲಿ ನಡುವಿನವು. ಸಂತ ಸ್ವಿದಿನ್‌ನ ನಲವತ್ತು ದಿನಕ್ಕೂ ನಮ್ಮ ಕಪ್ಪೆಯ ವಾಹನಕ್ಕೂ ಹೆಚ್ಚು ದೂರವಿಲ್ಲ. ವಾಹನವನ್ನು ಪೂರಾ ನಂಬಿ ಬಿತ್ತಿದವರನ್ನು ನಾನು ಕಂಡಿಲ್ಲ, ಕೇಳದೆ ಬಿತ್ತಿದವರನ್ನೂ ಕಂಡಿಲ್ಲ.

ಮಳೆ ಕೈಕೊಟ್ಟಾಗ ಮಾತು ನಿಂತು ಕೆಲಸ ಸುರುವಾಗುತ್ತದೆ. ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುವುದು, ಹೆಂಗಸರು ಅದರ ಮೇಲೆ ಕೊಡದ ನೀರು ಹೊಯ್ಯುವುದು. ಕಪ್ಪೆಗೆ ಮದುವೆ, ಕತ್ತೆಗೆ ಮದುವೆ. ಈದ್ಗಾದಲ್ಲಿ ಮಳೆಗಾಗಿ ನಮಾಜು. ಬೀದರಿಗೆ ಈ ನಮಾಜಿನ ನೆನಪು ಬಹಳ ಹಳೆಯದು. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹ್ಮದ್ ಶಾಹನ ಆರಂಭದ ದಿನಗಳಲ್ಲಿ ಕಡು ಬರ ಬಿತ್ತು. ಅವನು ಬಯಲಿಗೆ ಹೋಗಿ ಪ್ರಾರ್ಥನೆಗೆ ಕೂತ, ಮಳೆ ಸುರಿಯಿತು, ಜನ ಅವನನ್ನು ವಲಿ, ಅಂದರೆ ಸಂತ ಎಂದರು. ಇದು ಇತಿಹಾಸಕಾರ ಫಿರಿಶ್ತಾ ಹೇಳುವ ಕಥೆ. ಅದೇ ಅಹ್ಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. 1436ರಲ್ಲಿ ತೀರಿಕೊಂಡ. ಅಷ್ಟೂರಿನ ಅವನ ಗೋರಿಯ ಮುಂದೆ ಪ್ರತಿ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಜಾತ್ರೆಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಯುದ್ಧ ಗೆದ್ದು ಬಿರುದು ಪಡೆದ ರಾಜರು ಬೇಕಾದಷ್ಟಿದ್ದಾರೆ. ಮಳೆಯಿಂದ ಬಿರುದು ಪಡೆದ ರಾಜನ ಊರು ನಮ್ಮದು. ಇಂಥ ಊರಿನವರು ಮಳೆಯ ಮಾತು ಹೆಚ್ಚಾಡಿದರೆ ಅದರಲ್ಲಿ ತಪ್ಪೇನು?

ಅವನ ವಂಶದವರೇ ಆಳುತ್ತಿದ್ದ ಕಾಲದಲ್ಲಿ, 1470ರ ಆಸುಪಾಸು, ರಷ್ಯದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಮಾರಾಟಕ್ಕೆ ಒಂದು ಕುದುರೆ ಹಿಡಿದುಕೊಂಡು ನಮ್ಮ ಕಡೆ ಬಂದ. ಕೊಂಕಣದ ಚೌಲ್‌ನಲ್ಲಿ ಇಳಿದು ಜುನ್ನರಿಗೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಅವನ ದೇಶದಲ್ಲಿ ಅದು ಬೇಸಿಗೆಯ ಹೊತ್ತು. ಇಲ್ಲಿ ನೋಡಿದರೆ ಹಗಲು ರಾತ್ರಿ ನೀರು, ಕೆಸರು, ನಾಲ್ಕು ತಿಂಗಳು. ಪಾಪ, ಇದಕ್ಕೆ ಏನೆನ್ನಬೇಕೆಂದು ತಿಳಿಯದೆ ತನ್ನ ಪ್ರವಾಸ ಕಥನದಲ್ಲಿ ಅದನ್ನು ಚಳಿಗಾಲ ಎಂದೇ ಬರೆದ. ಆದರೆ ಜನ ಆ ಕೆಸರಿನಲ್ಲೇ ಉಳುತ್ತಾರೆ, ಬಿತ್ತುತ್ತಾರೆ ಎಂಬುದನ್ನು ಮಾತ್ರ ಸರಿಯಾಗಿ ಗಮನಿಸಿದ. ಮುಂದೆ ಬೀದರಿಗೆ ಬಂದು ಬಹಳ ದಿನ ಇದ್ದ, ಕುದುರೆಯನ್ನು ಇಲ್ಲಿಯೇ ಮಾರಿದ. ಯುರೋಪಿನವನೊಬ್ಬ ನಮ್ಮ ಮಳೆಯ ಬಗ್ಗೆ ಗೊಣಗಿದ ಮೊದಲ ಬರಹಗಳಲ್ಲಿ ಇದೊಂದು.

ಹವೆಯನ್ನು ಹರಟೆಗೆ ಬಳಸುತ್ತಿದ್ದ ಇಂಗ್ಲಿಷರು ಇಲ್ಲಿಗೆ ಬಂದ ಮೇಲೆ ಅದನ್ನು ಹರಟೆಯಾಗಿ ಉಳಿಸಿಕೊಳ್ಳಲು ಆಗಲಿಲ್ಲ. ತಮ್ಮ ದೇಶದಲ್ಲಿ 1861ರಲ್ಲಿಯೇ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿ ಪತ್ರಿಕೆಯಲ್ಲಿ ಹವಾಮಾನದ ಮುನ್ಸೂಚನೆ ಪ್ರಕಟಿಸಲು ಸುರು ಮಾಡಿದ್ದ. ಇಲ್ಲಿ 1866, 1871ರಲ್ಲಿ ಮುಂಗಾರು ಸೋತು ಜನ ಹಸಿವಿನಿಂದ ಸತ್ತರು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. 1899ರ ಬರದ ಪೆಟ್ಟಿನ ನಂತರ, 1904ರಲ್ಲಿ, ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಇಲಾಖೆಯ ಮುಖ್ಯಸ್ಥನಾಗಿ ಬಂದ. ನಮ್ಮ ಮಳೆಯ ಗುಟ್ಟು ಹುಡುಕುತ್ತ ಅವನ ಲೆಕ್ಕ ಪೆಸಿಫಿಕ್ ಸಾಗರದವರೆಗೆ ಹೋಯಿತು. ಅಲ್ಲಿ ಗಾಳಿಯ ಒತ್ತಡ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯುತ್ತದೆ, ಆ ಏರಿಳಿತಕ್ಕೂ ನಮ್ಮ ಮುಂಗಾರಿಗೂ ಸಂಬಂಧವಿದೆ ಎಂದು ತೋರಿಸಿದ. ಇಂದು ಎಲ್ ನಿನೊ ಎಂದು ನಾವು ಕೇಳುವ ಮಾತಿನ ಅರ್ಧ ಕಥೆ ಅದು. ಬೀದರಿನ ಗಾಂಧಿ ಗಂಜಿಗೆ ಮೇ ತಿಂಗಳಲ್ಲಿ ಹೋಗಿ ನೋಡಿ. ಅಡತಿ ಅಂಗಡಿಯ ಗಾದಿಗೆ ಒರಗಿ ಕೂತವರೂ "ಈ ಸಲ ಎಲ್ ನಿನೊ ಅದಂತ, ತೊಗರಿ ಇನ್ನಾ ಏರ್ತದ" ಎಂದು ಹೇಳುತ್ತಿರುತ್ತಾರೆ. ಕಪ್ಪೆ, ನರಿಗಳ ಪಕ್ಕದಲ್ಲಿ ಇದೂ ಒಂದು ವಾಹನವಾಗಿ ಕೂತಿದೆ.

ಈಗ ಆಗಿರುವ ಬದಲಾವಣೆಗೆ ಬರುತ್ತೇನೆ. ಮಳೆಯನ್ನು ಬೈಯಬಾರದು ಎಂಬುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಮದುವೆಯ ಹಂದರ ತೊಯ್ದರೂ, ಒಣಹಾಕಿದ ಸಂಡಿಗೆ ಹಾಳಾದರೂ, ಬಾಯಿಂದ ಕೆಟ್ಟ ಮಾತು ಬರುವಂತಿರಲಿಲ್ಲ. ಬೈದ ಹುಡುಗರಿಗೆ ಅಜ್ಜಿಯ ಗದರಿಕೆ ತಪ್ಪುತ್ತಿರಲಿಲ್ಲ. ಈ ಕಟ್ಟಳೆ ಈಗ ಮುರಿಯುತ್ತಿದೆ. ಮಿರ್ಗದಲ್ಲಿ ಬಿತ್ತಿದ ಹೆಸರು ಎರಡು ತಿಂಗಳು ಕಳೆದು ಆಗಸ್ಟಿಗೆ ಕೊಯ್ಲಿಗೆ ಬರುತ್ತದೆ. ಸರಿಯಾಗಿ ಆ ಹೊತ್ತಿಗೆ ಕೊಲ್ಲಿಯ ಸುಳಿ ಬಂದು ನಾಲ್ಕೈದು ದಿನ ಜಡಿ ಹಿಡಿದರೆ ಗಿಡದ ಮೇಲಿನ ಕಾಯೊಳಗೇ ಕಾಳು ಮೊಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಹಾಗೇ ಆದರೆ ಸೋಯಾ ಬಣವಿ ಕಪ್ಪಾಗಿ ಬೂಸರು ಹಿಡಿಯುತ್ತದೆ. ನಡುವೆ ಬೇಕಾದಾಗ ಹನಿ ಇರುವುದಿಲ್ಲ. 2023ರ ಆಗಸ್ಟ್ ನೆನಪಿ­ರಬಹುದು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. 2016ರಲ್ಲಂತೂ ಎರಡೂ ಒಂದೇ ವರ್ಷದಲ್ಲಿ ಬಂದವು. ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅದೇ ಮಾಂಜ್ರಾ ಉಕ್ಕಿ ಹೊಲಗಳಿಗೆ ನುಗ್ಗಿತು.

ಹೀಗಾಗಿ ಈಗ ಭಾಲ್ಕಿಯ ಕಟ್ಟೆಯ ಮೇಲೂ "ಸಾಕಾಗ್ಯಾದಪ್ಪ ಈ ಮಳಿ, ಒಮ್ಮೆ ಬಿಟ್ರ ಸಾಕು" ಎಂಬ ಮಾತು ಕೇಳುತ್ತದೆ. ಹೇಳುವವರು ಅರವತ್ತು ದಾಟಿದವರು. ಸಾಕು ಎಂಬ ಮಾತನ್ನು ಜೀವಮಾನವಿಡೀ ನಾಲಗೆಯ ಹಿಂದೆ ಹಿಡಿದಿಟ್ಟವರು. ಬೇಸಿಗೆಯ ಮಳೆಗೆ ಗೊಣಗುವ ಇಂಗ್ಲಿಷನಿಗೂ ನಮಗೂ ಮಾತಿನಲ್ಲಿ ಈಗ ಬಹಳ ಅಂತರ ಉಳಿದಿಲ್ಲ. ಅವನು ಕಳೆದುಕೊಳ್ಳುವುದು ಒಂದು ಮಧ್ಯಾಹ್ನದ ಬಿಸಿಲು, ಇವರು ಕಳೆದುಕೊಳ್ಳುವುದು ಒಂದು ವರ್ಷದ ರಾಶಿ. ಅಂತರ ಅಷ್ಟೇ, ಮತ್ತು ಅದು ಸಣ್ಣದಲ್ಲ.

ಹೈದರಾಬಾದಿನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ನೌಕರಿಗೆ ಹೋದ ನಮ್ಮ ಮಕ್ಕಳು ಊರಿಗೆ ಫೋನ್ ಮಾಡಿದಾಗ ಮೊದಲು ಮಳೆ ಕೇಳುತ್ತಾರೆ, ಆಮೇಲೆ ಅವ್ವನ ಮೊಣಕಾಲು ನೋವು ಕೇಳುತ್ತಾರೆ. ಅವ್ವನಿಗೂ ಅದರಲ್ಲಿ ಬೇಸರವಿಲ್ಲ. ಮೊಬೈಲಿನಲ್ಲಿ ಬೇಕಾದ ಊರಿನ ಮೋಡದ ಚಿತ್ರ ಸಿಗುತ್ತದೆ. ಆದರೂ ಕೇಳುವ ರೂಢಿ ಹೋಗಿಲ್ಲ, ಹೋಗಬಾರದು ಕೂಡ. ಮೋಡದ ಚಿತ್ರ ತಾಲ್ಲೂಕಿನ ಮಳೆ ಹೇಳೀತು, ಹಳ್ಳದ ಆಚೆ ಈಚೆಯ ವ್ಯತ್ಯಾಸ ಹೇಳಲಾರದು.

ಕೇಳುವುದರ ಜೊತೆ ಇನ್ನೂ ಕೆಲವು ಕೆಲಸ ಮಾಡಿ ಎಂದು ನನ್ನ ವಿನಂತಿ. ನಮ್ಮ ರಾಜ್ಯದಲ್ಲಿ ಈಗ ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕವಿದೆ. ಅದರ ಅಳತೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಆ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಲೆಕ್ಕ ಕನ್ನಡದಲ್ಲೇ ಹೇಳುತ್ತಾರೆ. ಅಲ್ಲಿ ಮಾತ್ರ ನಮ್ಮ ಹಳೆಯ ಎಚ್ಚರಿಕೆಯ ಮಾತು ನಡೆಯುವುದಿಲ್ಲ. ಮಾಪಕ ಒಂದು ಅಳತೆ ಕಡಿಮೆ ಹೇಳುವುದಿಲ್ಲ. ಬೆಳೆ ವಿಮೆ ಮಾಡಿಸಿದವರ ಹೊಲದಲ್ಲಿ ನೀರು ನಿಂತು ಅಥವಾ ಆಲಿಕಲ್ಲು ಬಿದ್ದು ಬೆಳೆ ಹಾಳಾದರೆ, ಕೊಯ್ದು ಒಣಹಾಕಿದ ಬೆಳೆ ಅಕಾಲದ ಮಳೆಗೆ ಸಿಕ್ಕರೆ, 72 ತಾಸಿನೊಳಗೆ ವಿಮೆಯವರಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಕಟ್ಟೆಯ ಮೇಲೆ ನಾಲ್ಕು ದಿನ ಮಾತಾಡಿ ಐದನೇ ದಿನ ಅರ್ಜಿ ಹಿಡಿದು ಹೋದರೆ ಕೆಲಸವಾಗುವುದಿಲ್ಲ. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಈ ವರ್ಷದ ಮಿರ್ಗದಿಂದಲೇ ಬರೆದಿಡಲು ಸುರು ಮಾಡಿ: ಯಾವ ದಿನ ಬಂತು, ಎಷ್ಟು ಹೊತ್ತು ಬಂತು, ಹಸಿ ಎಷ್ಟು ಇಳಿಯಿತು, ಪಂಚಾಯಿತಿಯ ಮಾಪಕ ಎಷ್ಟು ತೋರಿಸಿತು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ವಹಿಸಿ.